ಪಟ್ಟಿ ಮೊದಲು ಪೆನ್ಸಿಲ್‌ನಲ್ಲಿರಲಿ

ಪ್ರೀತಿಯ ಪುಟ್ಟಿ,

ಧಾರವಾಡದಿಂದ ನಿನ್ನ ಕಾಕಾನ ಆಶೀರ್ವಾದ. ಗದಗಿನಲ್ಲಿ ನಿಮ್ಮ ಮೂರು ಹಾಸ್ಟೆಲ್‌ಗಳ ಸೀಟು ಹಂಚುವ ಕೆಲಸ ಈ ಸಲ ನಿನಗೇ ಬಂದಿದೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ಖುಷಿಯಾಯ್ತು, ಜೊತೆಗೆ ಸ್ವಲ್ಪ ಕಳವಳವೂ ಆಯ್ತು. ಈ ಕೆಲಸ ನಾನೂ ಮಾಡಿದ್ದೇನೆ, ತಪ್ಪೂ ಮಾಡಿದ್ದೇನೆ.

ನಮ್ಮಲ್ಲಿ ಒಂದು ಹಾಸ್ಟೆಲನ್ನು ಮೊದಲನೇ ಆಯ್ಕೆ ಅಂತ ಬರೆದವರಿಗೇ ಮೊದಲು ಸೀಟು, ಉಳಿದರೆ ಮಾತ್ರ ಎರಡನೇ ಆಯ್ಕೆಯವರಿಗೆ. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ಒಂದು ವರ್ಷ ಮುಂಡರಗಿ ಕಡೆಯ ಹುಡುಗಿಯೊಬ್ಬಳು ನನ್ನ ಟೇಬಲ್ ಮುಂದೆಯೇ ನಿಂತು ಅರ್ಜಿ ತುಂಬಿದಳು. ಕಾಲೇಜಿನ ಪಕ್ಕದ ಹಾಸ್ಟೆಲ್ ಅಂತ ಬರೆದು, ಅದಕ್ಕೆ ಕಾಟು ಹಾಕಿ, ಊರಾಚೆಯದನ್ನು ಮೇಲೆ ಬರೆದಳು. ಯಾಕವ್ವಾ ಅಂತ ಕೇಳಿದೆ. "ಸರ್, ಪಕ್ಕದ್ದಕ್ಕ ಭಾಳ ಮಂದಿ ಬರೀತಾರಂತ, ಅದು ತಪ್ಪಿದ್ರ ಎರಡೂ ಹೋಗ್ತಾವಂತ" ಅಂದಳು. ಅವಳ ಹಾಗೇ ಎಷ್ಟೋ ಜನ ಹೆದರಿದ್ದರು. ಕೊನೆಗೆ ಪಕ್ಕದ ಹಾಸ್ಟೆಲಿನಲ್ಲಿ ಅವಳಿಗಿಂತ ಕಡಿಮೆ ಮಾರ್ಕ್ಸಿನವರಿಗೆ ಸೀಟು ಸಿಕ್ಕಿತು, ಅವಳು ವರ್ಷವಿಡೀ ಸಿಟಿ ಬಸ್ಸಿಗೆ ಕಾಯ್ದಳು. ಆ ಕಾಟು ಇನ್ನೂ ನನ್ನ ಕಣ್ಣ ಮುಂದಿದೆ.

ಅಮೆರಿಕದ ಬಾಸ್ಟನ್‌ನಲ್ಲಿ ಶಾಲೆಯ ಸೀಟುಗಳನ್ನು ಇದೇ ಥರ ಹಂಚುತ್ತಿದ್ದರು. 2005ರಲ್ಲಿ ಅದನ್ನು ಬಿಡಲು ತೀರ್ಮಾನಿಸಿದರು. ಬದಲಿಗೆ ತಂದ ಲೆಕ್ಕವನ್ನು ಗೇಲ್ ಮತ್ತು ಶಾಪ್ಲಿ ಅನ್ನುವ ಇಬ್ಬರು 1962ರಲ್ಲೇ ಬರೆದಿಟ್ಟಿದ್ದರು. ಅದು ಕಷ್ಟದ್ದೇನಲ್ಲ. ಎಲ್ಲರನ್ನೂ ಅವರವರ ಮೊದಲ ಆಯ್ಕೆಯ ಹಾಸ್ಟೆಲಿಗೆ ಬರೆ, ಆದರೆ ಪೆನ್ಸಿಲ್‌ನಲ್ಲಿ. ಜಾಗ ಸಾಲದಿದ್ದರೆ ಆದ್ಯತೆಯಲ್ಲಿ ಕೆಳಗಿರುವವರ ಹೆಸರು ಅಳಿಸಿ ಅವರ ಮುಂದಿನ ಆಯ್ಕೆಗೆ ಕಳಿಸು. ಅಲ್ಲಿ ಆಗಲೇ ತುಂಬಿದ್ದರೂ, ಹೊಸದಾಗಿ ಬಂದವಳ ಆದ್ಯತೆ ಜಾಸ್ತಿ ಇದ್ದರೆ ಅವಳು ಒಳಗೆ, ಅಲ್ಲಿಯ ಕೊನೆಯವಳು ತನ್ನ ಮುಂದಿನ ಆಯ್ಕೆಯ ಹಾಸ್ಟೆಲಿಗೆ. ಯಾರನ್ನೂ ಸರಿಸಬೇಕಾಗಿಲ್ಲ ಅನ್ನುವವರೆಗೆ ಹೀಗೇ ನಡೆಸು, ಆಮೇಲೆ ಪೆನ್ನು ಹಿಡಿ. ಮೊದಲನೇದು ತಪ್ಪಿದ್ದಕ್ಕೆ ಎರಡನೇದರಲ್ಲಿ ಯಾರೂ ಹಿಂದೆ ಬೀಳಲ್ಲ, ಹಾಗಾಗಿ ಮನಸ್ಸಿನಲ್ಲಿದ್ದದ್ದನ್ನೇ ಧೈರ್ಯವಾಗಿ ಬರೆಯಬಹುದು. ಸಿಇಟಿ ಆಪ್ಷನ್ ತುಂಬುವಾಗ ನೀನು ಎಷ್ಟು ಒದ್ದಾಡಿದ್ದೆ, ನೆನಪಿದೆಯಾ?

ಎರಡೇ ಆಯ್ಕೆ ಬರೆಯಿರಿ ಅಂತ ಮಾತ್ರ ಹೇಳಬೇಡ, ಮತ್ತೆ ಅದೇ ಹೆದರಿಕೆ ಶುರುವಾಗುತ್ತೆ. ಮೂರನ್ನೂ ಬರೆಸು.

ಇನ್ನು ಆದ್ಯತೆ. ಇದನ್ನು ಯಾವ ಗಣಿತವೂ ಹೇಳಿಕೊಡಲ್ಲ, ನೀವೇ ಕೂತು ಮಾತಾಡಬೇಕು. ಬರೀ ಮಾರ್ಕ್ಸ್ ನೋಡಬೇಡಿ ಅನ್ನೋದು ನನ್ನ ಮಾತು. ದೂರದ ಹಳ್ಳಿ, ಸರಿಯಾಗಿ ಬಸ್ಸಿಲ್ಲದ ಊರು, ಮನೆಯ ಪರಿಸ್ಥಿತಿ, ಇವೂ ಲೆಕ್ಕಕ್ಕೆ ಬರಲಿ. ಏನೇ ಇಟ್ಟರೂ ಅರ್ಜಿ ಕೊಡುವ ಮೊದಲೇ ನೋಟಿಸ್ ಬೋರ್ಡಿಗೆ ಹಚ್ಚು. ಇಬ್ಬರು ಸಮ ಬಂದರೆ ಎಲ್ಲರ ಎದುರೇ ಚೀಟಿ ಎತ್ತಿಸು. ಸೀಟು ಸಿಗದವಳು ಬಂದು ಕೇಳಿದರೆ, ಪಟ್ಟಿ ತೆಗೆದು ಅವಳ ಹೆಸರು ಎಲ್ಲಿ ನಿಂತಿತು ಅಂತ ತೋರಿಸು, ಸುಮ್ನೆ ಸಾಗಹಾಕಬೇಡ.

ಬರುವ ಭಾನುವಾರ ಹೋದ ವರ್ಷದ ಅರ್ಜಿಗಳನ್ನು ತಗೊಂಡು ಮನೆಗೆ ಬಾ. ಇಬ್ಬರೂ ಕೂತು ಒಂದು ಸಲ ಹಂಚಿ ನೋಡೋಣ. ಕಾಕು ಗಿರಮಿಟ್ ಮಾಡ್ತಾಳಂತೆ.

ನಿನ್ನ ಕಾಕಾ