ಸೂಜಿಗೆ ಮೊದಲೇ ಪ್ರಶ್ನೆ ಕೇಳಿದವರಿಗೆ

ಕಿಬ್ಬೊಟ್ಟೆ ಮತ್ತು ಅದರ ಕೆಳಭಾಗದ ಬಹುದಿನದ ನೋವಿಗೆ ಕೊಡುವ ನರದ ಇಂಜೆಕ್ಷನ್ ಬಗ್ಗೆ ನಮ್ಮ ನೋವು ಚಿಕಿತ್ಸಾ ವಿಭಾಗದ ಕನ್ನಡ ಮಾಹಿತಿ ಪತ್ರ ಅಂತೂ ಅಚ್ಚಾಯಿತು. ಮಡಚಿದ ಒಂದು ಹಾಳೆ, ಅಷ್ಟೇ. ಆದರೆ ಅದರ ಕರಡು ಓದಿ, ಕೆಂಪು ಪೆನ್ನಿನಲ್ಲಿ ಗೀಚಿ, "ಇದು ತಲೆಗೆ ಹೋಗಲಿಲ್ಲ" ಎಂದು ಮುಲಾಜಿಲ್ಲದೆ ಹೇಳಿದವರು ಬಹಳ ಜನ. ಹೆಸರು ಹಾಕಬೇಡಿ ಎಂದು ಅವರಲ್ಲಿ ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಗಾಗಿ ಈ ಧನ್ಯವಾದ ಹೆಸರಿಲ್ಲದೆ, ಯಾರಿಂದ ಏನು ತಿದ್ದುಪಡಿಯಾಯಿತು ಎಂಬ ಲೆಕ್ಕದ ಸಮೇತ.

ಮೊದಲ ನಮಸ್ಕಾರ, "ಅರಿವಳಿಕೆ" ಎಂಬ ಪದವನ್ನು ಹೊಡೆದುಹಾಕಿಸಿದ ಅಮ್ಮಂದಿರಿಗೆ. ಅದನ್ನು ಓದಿದವರೆಲ್ಲ ಪ್ರಜ್ಞೆ ತಪ್ಪಿಸುತ್ತಾರೆ ಎಂದೇ ತಿಳಿದಿದ್ದರು. ಈಗ ಅಲ್ಲಿ "ಮರಗಟ್ಟಿಸುವ ಔಷಧಿ, ಹಲ್ಲು ಕೀಳುವಾಗ ಕೊಡುವಂಥದ್ದು" ಎಂದಿದೆ. ಲಿಗ್ನೊಕೇನ್ ಆದರೆ ಒಂದೆರಡು ಗಂಟೆ, ಬುಪಿವಕೇನ್ ಆದರೆ ಸುಮಾರು ನಾಲ್ಕರಿಂದ ಎಂಟು ಗಂಟೆ ಇರುತ್ತದೆ. ಜೊತೆಗೆ ಹಲವು ಸಲ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಸೇರಿಸುತ್ತಾರೆ: ಟ್ರಯಾಮ್ಸಿನೊಲೋನ್ 40 ಮಿ.ಗ್ರಾಂ, ಇಲ್ಲವೇ ಡೆಕ್ಸಾಮೆಥಸೋನ್ 4 ಮಿ.ಗ್ರಾಂ. ಎರಡೂ ಒಂದೇ ಸಿರಿಂಜಿನಲ್ಲಿ ಹೋದರೂ ಅವುಗಳ ಗಡಿಯಾರ ಬೇರೆ. ಮರಗಟ್ಟಿಸುವ ಔಷಧಿ ಹತ್ತಿಪ್ಪತ್ತು ನಿಮಿಷದಲ್ಲಿ ಹಿಡಿದು ರಾತ್ರಿಯೊಳಗೆ ಇಳಿಯುತ್ತದೆ. ಸ್ಟಿರಾಯ್ಡ್‌ಗೆ ಮೂರರಿಂದ ಏಳು ದಿನ ಬೇಕು, ಕೆಲವರಿಗೆ ಎರಡು ವಾರ. ನಡುವಿನ ಎರಡು ಮೂರು ದಿನ ನೋವು ಮೊದಲಿಗಿಂತ ಜಾಸ್ತಿಯಾದರೂ ಆಗಬಹುದು. "ಇಂಜೆಕ್ಷನ್ ಫೇಲ್ ಆಯ್ತು" ಎಂದು ಜನ ಕೈಚೆಲ್ಲುವುದು ಸರಿಯಾಗಿ ಆ ದಿನಗಳಲ್ಲೇ.

ದೇಹದ ಚಿತ್ರದ ಮೇಲೆ ನೋವಿನ ಜಾಗಕ್ಕೆ ಬಣ್ಣ ಹಚ್ಚಿಕೊಟ್ಟವರಿಗೆ ದೊಡ್ಡ ಋಣ. "ಕೆಳಗೆ ನೋವು" ಎಂಬ ಎರಡು ಪದದಿಂದ ಯಾವ ನರ ಎಂದು ತಿಳಿಯುವುದಿಲ್ಲ. ಕೂತಾಗ ಉರಿ, ಜನನಾಂಗದಿಂದ ಗುದದವರೆಗಿನ ಪಟ್ಟಿಯಲ್ಲಿ ಚುಚ್ಚಿದಂತೆ ಇದ್ದರೆ ಅನುಮಾನ ಪುಡೆಂಡಲ್ ನರದ ಮೇಲೆ. ಅದು ಬೆನ್ನುಮೂಳೆಯ ತಳದಿಂದ ಹೊರಟು, ಕುಂಡೆಯ ಆಳದಲ್ಲಿ ಮೂಳೆಗಳನ್ನು ಹಿಡಿದಿಡುವ ಎರಡು ಕಟ್ಟುಗಳ ನಡುವೆ ನುಸುಳಿ, ಆಲ್ಕಾಕ್ ಕಾಲುವೆ ಎಂಬ ಕಿರಿದಾದ ದಾರಿಯಲ್ಲಿ ಮುಂದೆ ಬರುತ್ತದೆ. ಸಿಸೇರಿಯನ್ ಅಥವಾ ಹರ್ನಿಯಾ ಹೊಲಿಗೆಯ ತುದಿಯಿಂದ ತೊಡೆಸಂದಿಗೆ ಎಳೆಯುವ ನೋವಾದರೆ ಇಲಿಯೊಇಂಗ್ವಿನಲ್ ನರ. ಗರ್ಭಕೋಶ, ಮೂತ್ರಕೋಶದ ಕಡೆಯ ಒಳನೋವಿಗೆ ಬೆನ್ನುಮೂಳೆಯ ಮುಂದೆ, ಐದನೇ ಸೊಂಟದ ಮೂಳೆಯ ಮಟ್ಟದಲ್ಲಿರುವ ಹೈಪೊಗ್ಯಾಸ್ಟ್ರಿಕ್ ನರಜಾಲ. ಬಾಲದ ಮೂಳೆಯ ನೋವಿಗೆ ಅದರ ಮುಂದಿರುವ ಒಂಟಿ ನರಗಂಟು, ಗ್ಯಾಂಗ್ಲಿಯಾನ್ ಇಂಪಾರ್.

ಒಂದು ಪ್ರಶ್ನೆಯನ್ನು ಹಳ್ಳಿಯಿಂದ ಬಂದವರು ತಿದ್ದಿಸಿದರು. ಪುಡೆಂಡಲ್ ನರದ ನೋವನ್ನು ಗುರುತಿಸಲು 2008ರಲ್ಲಿ ಪ್ರಕಟವಾದ, ಫ್ರಾನ್ಸಿನ ನಾಂಟ್ ನಗರದ ಹೆಸರಿನ ಮಾನದಂಡಗಳಿವೆ: ಕೂತರೆ ನೋವು ಹೆಚ್ಚಬೇಕು, ನಿದ್ದೆಯಿಂದ ಎಬ್ಬಿಸಬಾರದು, ಮುಟ್ಟಿ ನೋಡಿದಾಗ ಸ್ಪರ್ಶ ಕಳೆದಿರಬಾರದು, ಆ ನರಕ್ಕೆ ಔಷಧಿ ಕೊಟ್ಟಾಗ ನೋವು ಇಳಿಯಬೇಕು. ಇದರ ಜೊತೆಗೆ "ಕಮೋಡ್ ಮೇಲೆ ಕೂತಾಗ ನೋವು ಕಡಿಮೆಯೇ?" ಎಂದೂ ಕೇಳುವ ರೂಢಿ. ನಡುವೆ ತೂತಿರುವ ಸೀಟಿನಲ್ಲಿ ನರದ ಮೇಲೆ ಭಾರ ಬೀಳುವುದಿಲ್ಲ, ಅದಕ್ಕೆ. ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವಿದ್ದವರು ಇದಕ್ಕೆ ಏನು ಹೇಳಬೇಕು? ಈಗ "ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಹೇಗೆ, ಕುಕ್ಕರುಗಾಲಲ್ಲಿ ಹೇಗೆ" ಎಂದು ಕೇಳುತ್ತೇವೆ.

ನೋವಿನ ಡೈರಿ ಬರೆದುಕೊಟ್ಟವರಿಗೆ ಎಷ್ಟು ಹೇಳಿದರೂ ಸಾಲದು. ಮೊದಲ ಇಂಜೆಕ್ಷನ್ ಚಿಕಿತ್ಸೆ ಎನ್ನುವುದಕ್ಕಿಂತ ಹೆಚ್ಚಾಗಿ ಪರೀಕ್ಷೆ. ಅದರ ರಿಪೋರ್ಟ್ ಲ್ಯಾಬಿನಿಂದ ಬರುವುದಿಲ್ಲ, ರೋಗಿಯೇ ಬರೆಯಬೇಕು. ಮರದ ಕುರ್ಚಿಯಲ್ಲಿ 20 ನಿಮಿಷ ಕೂತಾಗ ಹತ್ತಕ್ಕೆ ಎಷ್ಟು ನೋವು ಎಂದು ಮೊದಲೇ ಬರೆಯಿರಿ. ಸೂಜಿಯಾದ ಮೇಲೆ ಅದೇ ಕುರ್ಚಿ, ಅದೇ 20 ನಿಮಿಷ. ಅರ್ಧ ಗಂಟೆಗೆ, ಒಂದು, ಎರಡು, ನಾಲ್ಕು, ಎಂಟು ಗಂಟೆಗೆ. ಮನೆಗೆ ಹೋಗಿ ಮಲಗಿ "ನೋವೇ ಇರಲಿಲ್ಲ" ಎಂದು ಬರೆದರೆ ಉಪಯೋಗವಿಲ್ಲ, ಮಲಗಿದರೆ ಅವರಿಗೆ ಮೊದಲೂ ನೋವಿರುತ್ತಿರಲಿಲ್ಲ! ನೋವಿಲ್ಲದ ದಿನ ಬಂದು ಚುಚ್ಚಿಸಿಕೊಂಡರೂ ಅಷ್ಟೇ. ಬೆಳಗಿನ ನೋವಿನ ಮಾತ್ರೆಯನ್ನು ಆ ದಿನ ಬಿಡಬೇಕೇ ಎಂದು ಕೇಳಿಕೊಳ್ಳಿ. ನರದ ನೋವಿಗೆ ದಿನವೂ ನುಂಗುವ ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ಗಳನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು.

ಅಂಕದ ಪಕ್ಕದಲ್ಲಿ "ಮರಗಟ್ಟಿದೆಯೇ?" ಎಂಬ ಚೌಕ ಸೇರಿಸಿದ ಸಿಸ್ಟರ್‌ಗೆ ವಿಶೇಷ ವಂದನೆ, ಡೈರಿಗೆ ಅರ್ಥ ಬಂದಿದ್ದೇ ಅದರಿಂದ. ಚರ್ಮ ಮರಗಟ್ಟಿ ನೋವು ಅರ್ಧದಷ್ಟಾದರೂ ಇಳಿದರೆ, ನೋವು ಆ ನರದ ದಾರಿಯಲ್ಲೇ ಬರುತ್ತಿದೆ ಎನ್ನಬಹುದು. ಮರಗಟ್ಟಿತು, ನೋವು ಹಾಗೇ ಇದೆ ಎಂದಾದರೆ ಮೂಲ ಬೇರೆ ಕಡೆ: ಬಿಗಿದ ಸ್ನಾಯು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ), ಮೂತ್ರಕೋಶ. ಮರಗಟ್ಟಲೂ ಇಲ್ಲ, ನೋವೂ ಇಳಿಯಲಿಲ್ಲ ಎಂದರೆ ಔಷಧಿ ನರಕ್ಕೆ ತಲುಪಿಲ್ಲ; ಅಲ್ಲಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಹೈಪೊಗ್ಯಾಸ್ಟ್ರಿಕ್ ಜಾಲಕ್ಕೆ ಈ ಚೌಕ ಅನ್ವಯಿಸುವುದಿಲ್ಲ. ಅದು ಒಳಾಂಗಗಳ ನರ, ಚರ್ಮ ಮರಗಟ್ಟದಿದ್ದರೆ ಗಾಬರಿ ಬೇಡ.

"ತೂಕ ಯಾಕೆ ಕೇಳ್ತೀರಿ?" ಎಂದವರಿಗೂ ಥ್ಯಾಂಕ್ಸ್. ಬುಪಿವಕೇನ್ 0.25 ಶೇಕಡಾ ಎಂದರೆ ಒಂದು ಮಿ.ಲೀ.ಗೆ 2.5 ಮಿ.ಗ್ರಾಂ, 10 ಮಿ.ಲೀ.ಗೆ 25. ಕಿಲೋಗೆ 2 ಮಿ.ಗ್ರಾಂ ಮಿತಿ ಹಿಡಿದರೆ 50 ಕಿಲೋದವರಿಗೆ 100 ಮಿ.ಗ್ರಾಂ. ಪುಡೆಂಡಲ್ ನರಕ್ಕೆ ಒಂದು ಬದಿಗೆ 5 ಮಿ.ಲೀ. ಆಸುಪಾಸು ಸಾಕು, ಮಿತಿಯಿಂದ ಬಹಳ ದೂರ. ಅಪಾಯ ಬರುವುದು ಅದು ರಕ್ತನಾಳದೊಳಗೆ ಹೋದರೆ, ಮತ್ತು ಅಲ್ಲಿ ನರಕ್ಕೆ ಅಂಟಿಕೊಂಡೇ ಒಂದು ಅಪಧಮನಿ ಇದೆ. ಅದಕ್ಕೇ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ, ಸ್ವಲ್ಪ ಸ್ವಲ್ಪವಾಗಿ ಬಿಡುವುದು. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ, ತುಟಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಎಂದರೆ ತಕ್ಷಣ ಹೇಳಿ. ಇದಕ್ಕೆ ಕೊಡುವ 20 ಶೇಕಡಾ ಲಿಪಿಡ್ ಎಮಲ್ಶನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರವ) ಕೈಗೆಟಕುವಂತೆ ಇರಬೇಕು. ಇದೆಯೇ ಎಂದು ರೋಗಿಯೇ ಕೇಳಿದರೆ ಯಾರೂ ಮುಖ ಸಿಂಡರಿಸಬಾರದು.

ಒಳಗೆ ಏನಾಗುತ್ತದೆ ಎಂಬ ಭಾಗವನ್ನು ಸಿ-ಆರ್ಮ್ (ಸೂಜಿ ಎಲ್ಲಿದೆ ಎಂದು ತೋರಿಸುವ ಎಕ್ಸ್-ರೇ ಯಂತ್ರ) ನಡೆಸುವ ಟೆಕ್ನಿಶಿಯನ್ ಬರೆಸಿದರು. ಬೋರಲು ಮಲಗಬೇಕು, ಹೊಟ್ಟೆಯ ಕೆಳಗೆ ದಿಂಬು. ಬೇಕಾದ ಜಾಗವಷ್ಟೇ ತೆರೆದಿರುತ್ತದೆ. ಮಹಿಳೆಯರ ಜೊತೆ ಒಬ್ಬ ಸಿಸ್ಟರ್ ಕೊನೆಯವರೆಗೂ ಇರುತ್ತಾರೆ. ಪುಡೆಂಡಲ್ ನರಕ್ಕೆ ಕೊಡುವ ಇಂಜೆಕ್ಷನ್, ಅಂದರೆ ಪುಡೆಂಡಲ್ ಬ್ಲಾಕ್‌ನ ಸೂಜಿ ಕುಂಡೆಯ ಮೂಲಕ ಹೋಗುತ್ತದೆ, ಗುಪ್ತಾಂಗದಲ್ಲಿ ಅಲ್ಲ. ಈ ಒಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿ ಎಂದು ಹಠ ಹಿಡಿದವರೂ ಇವರೇ. ಮೊದಲು ಸಣ್ಣ ಸೂಜಿಯಿಂದ ಚರ್ಮಕ್ಕೆ, ಹತ್ತು ಸೆಕೆಂಡು ಉರಿ. ಆಮೇಲೆ ಉದ್ದ ಸೂಜಿ, ಕೂದಲೆಳೆಯಷ್ಟಲ್ಲದಿದ್ದರೂ ಸಪೂರವಾದದ್ದು. ಒತ್ತಿದ ಹಾಗೆ ಅನಿಸುತ್ತದೆ. ನಿಮ್ಮ ನೋವಿನ ಜಾಗಕ್ಕೇ ಮಿಂಚು ಹೊಡೆದಂತಾದರೆ ಬಾಯಿಬಿಟ್ಟು ಹೇಳಿ, ಸೊಂಟ ಮಾತ್ರ ಅಲುಗಿಸಬೇಡಿ. ಸೂಜಿಯನ್ನು ಒಂಚೂರು ಹಿಂದಕ್ಕೆ ತೆಗೆಯುತ್ತಾರೆ. ಎಲ್ಲ ಸೇರಿ ಹದಿನೈದರಿಂದ ಮೂವತ್ತು ನಿಮಿಷ. ಪರೀಕ್ಷೆಯ ಬ್ಲಾಕ್‌ಗೆ ಮಂಪರಿನ ಔಷಧಿ ಆದಷ್ಟು ಬೇಡ, ಉತ್ತರ ಮಸುಕಾಗುತ್ತದೆ. ಮಂಪರು ಕೊಡುವುದಾದರೆ ಊಟ ತಿಂಡಿ 6 ಗಂಟೆ ಮೊದಲು, ನೀರು 2 ಗಂಟೆ ಮೊದಲು ನಿಲ್ಲಬೇಕು.

ಮೊದಲೇ ಬಾಯಿಬಿಟ್ಟು ಹೇಳಬೇಕಾದ ವಿಷಯಗಳನ್ನು ಫೋನಿನಲ್ಲಿ ಕೇಳಿ ಗುರುತು ಹಾಕುವ ರಿಸೆಪ್ಷನ್‌ನವರಿಗೆ ನಮೋ ನಮಃ. ರಕ್ತ ತೆಳುವಾಗಿಸುವ ಮಾತ್ರೆ (ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ), ತಪ್ಪಿದ ಮುಟ್ಟು, ಜ್ವರ, ಉರಿಮೂತ್ರ, ಔಷಧಿ ಅಲರ್ಜಿ, ಸಕ್ಕರೆ ಕಾಯಿಲೆ. ಸ್ಟಿರಾಯ್ಡ್ ಆದ ಮೇಲೆ ಕೆಲವು ದಿನ, ಕೆಲವರಿಗೆ ವಾರದವರೆಗೆ ಸಕ್ಕರೆ ಏರುತ್ತದೆ. ಮುಖ ಕೆಂಪೇರುವುದು, ಮುಟ್ಟು ಹಿಂದುಮುಂದಾಗುವುದೂ ಉಂಟು.

ಜೊತೆಗೆ ಬಂದವರನ್ನು ಮರೆಯುವಂತಿಲ್ಲ. ಔಷಧಿ ಪಕ್ಕದಲ್ಲೇ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಹರಡಿದರೆ ಕಾಲು ಕೆಲವು ಗಂಟೆ ಸೋಲುತ್ತದೆ. ಮಂಚದಿಂದ ಮೊದಲ ಸಲ ಇಳಿಯುವಾಗ ತೋಳು ಹಿಡಿಯಲು ಒಬ್ಬರು ಬೇಕೇ ಬೇಕು. ಆ ದಿನ ಸ್ಕೂಟರ್ ಬೇಡ. ಮೂತ್ರದ ಹಿಡಿತ ತುಸು ತಪ್ಪಬಹುದು, ಪ್ಯಾಡ್ ತಂದಿರಿ. ಮೂತ್ರ ಹೋಗದೆ 6 ಗಂಟೆ ದಾಟಿದರೆ, ಜ್ವರ 100.4 ಡಿಗ್ರಿ ಮೀರಿದರೆ, ಕಾಲಿನ ಸೋಲು ಮರುದಿನವೂ ಉಳಿದರೆ, ಚುಚ್ಚಿದ ಜಾಗ ಊದಿ ಕೆಂಪಾದರೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಫಿಸಿಯೋಥೆರಪಿಸ್ಟ್ ಸೇರಿಸಿದ್ದು ಒಂದೇ ಸಾಲು: ನೋವು ಇಳಿದ ವಾರಗಳಲ್ಲೇ ಕೆಳ ಸ್ನಾಯುಗಳನ್ನು ಸಡಿಲಬಿಡುವ ವ್ಯಾಯಾಮ ಶುರುಮಾಡಿ, ಯೂಟ್ಯೂಬ್ ನೋಡಿ ಬಿಗಿಹಿಡಿಯುವ ಕೀಗಲ್ ಮಾಡಬೇಡಿ. ಸ್ನಾಯು ಮೊದಲೇ ಬಿಗಿದಿದ್ದರೆ ಅದು ನೋವನ್ನು ಹೆಚ್ಚಿಸುತ್ತದೆ.

ಕೊನೆಗೆ, ಹೆಂಡತಿಯ ಡೈರಿಗಾಗಿ ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು, "ಎಬ್ಬಿಸಿ ಕೇಳಲಾ?" ಎಂದು ನಮಗೆ ಮೆಸೇಜು ಹಾಕಿದ್ದ ಯಜಮಾನರಿಗೆ. ಅಚ್ಚಾದ ಹಾಳೆಯಲ್ಲಿ, ಕರಡಿನಲ್ಲಿದ್ದ ರಾತ್ರಿ ಹೊತ್ತಿನ ಆ ಚೌಕವನ್ನು ತೆಗೆದು, "ನಿದ್ದೆ ಬಂದಿದ್ದರೆ ಎಬ್ಬಿಸಬೇಡಿ, ಬೆಳಿಗ್ಗೆ ಬರೆಯಿರಿ" ಎಂದು ಹಾಕಿದ್ದೇವೆ.