‘ಕಿಡಿಗೇಡಿ’ ಎಂದರೆ ಸಾಲದು

ಮಾನ್ಯರೆ,

ಪಾಲಕರ ಸಭೆ ಎಂದರೆ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು, ‘ನಿಮ್ಮ ಹುಡುಗ ಭಾಳ ಕಿಡಿಗೇಡಿ’ ಎಂದು ಹೇಳಿ ಕಳಿಸುವುದೇ ಆಗಿದೆ. ಮನೆಯಲ್ಲಿ ಅವನ ಬೆನ್ನಿಗೆ ನಾಲ್ಕು ಬೀಳುತ್ತವೆ. ಮರುದಿನ ಅದನ್ನು ತನಗಿಂತ ಸಣ್ಣವನ ಮೇಲೆ ತೀರಿಸಿಕೊಳ್ಳುತ್ತಾನೆ.

ಏನು ಮಾಡಿದ, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನಾಯಿತು ಎಂದು ಶಿಕ್ಷಕರು ಒಂದು ವಾರ ಬರೆದಿಡಲಿ. ಬಿಸಿಯೂಟದ ಸಾಲಿನಲ್ಲಿ ನೂಕಾಟ, ಕೊನೆಯ ಪಿರಿಯಡ್‌ನಲ್ಲಿ ಗದ್ದಲ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಬರೀ ಚಹಾ ಕುಡಿದು ಬಂದದ್ದು, ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದದ್ದು ಪಾಲಕರಿಗಷ್ಟೇ ಗೊತ್ತು. ಎರಡನ್ನೂ ಕೂಡಿಸಿ ನೋಡಿ ಒಂದೇ ಗುರಿ ಆರಿಸಬೇಕು: ಊಟದ ಸಾಲಿನಲ್ಲಿ ನೂಕದೆ ನಿಲ್ಲುವುದು. ಐದು ಗುರಿ ಇಟ್ಟರೆ ಒಂದೂ ಕೈಗೂಡದು. ನಿಂತ ದಿನ ಡೈರಿಯಲ್ಲಿ ಶಿಕ್ಷಕರ ಒಂದು ಸಾಲು, ಮನೆಯಲ್ಲಿ ಅದನ್ನೋದಿ ಒಂದು ಶಹಬ್ಬಾಸ್. ಮೊದಮೊದಲು ಹಠ ಹೆಚ್ಚಾಗಬಹುದು. ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಮೂರ್ನಾಲ್ಕು ವಾರವಾದರೂ ಬಿಡದೆ ನಡೆಸಬೇಕು.

‘ಸರ್, ನಾಲ್ಕು ಬಾರಿಸ್ರಿ’ ಎಂದು ಪಾಲಕರು ಕೊಡುವ ಪರವಾನಗಿಗೆ ಬೆಲೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಇನ್ನು ಸಭೆಯ ವೇಳೆ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಮುಂಜಾನೆ 11ಕ್ಕೆ ಕರೆದರೆ ಕೂಲಿ ಬಿಟ್ಟು ಯಾರು ಬಂದಾರು? ಸಂಜೆ 6ರ ಮೇಲೆ ಓಣಿಯ ಗುಡಿಕಟ್ಟೆಯಲ್ಲಿ ಕೂತರೂ ನಡೆದೀತು. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮುಂದಾಗಲಿ.

– ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ