ಕನಿಷ್ಠ ತಾಪಮಾನದ ಪಕ್ಕದಲ್ಲಿ ಗಾಳಿಯನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಾನು ಬೀದರ್‌ನಲ್ಲಿ ನಿಮ್ಮ ಪತ್ರಿಕೆ ಹಂಚುವವನು. ಓದುಗರಿಗಿಂತ ಮೊದಲು ಪೇಪರ್ ನೋಡುವ ಭಾಗ್ಯ ನಮ್ಮದು. ಬಂಡಲ್ ಬಿಚ್ಚಿದ ಕೂಡಲೇ ನಮ್ಮ ಹುಡುಗರು ಕ್ರಿಕೆಟ್ ಪುಟ ತೆಗೆಯುತ್ತಾರೆ. ನಾನು ಚಳಿಗಾಲದಲ್ಲಿ ಹವಾಮಾನದ ಚೌಕ ಹುಡುಕುತ್ತೇನೆ. ಆ ಚೌಕದ ಬಗ್ಗೆಯೇ ಈ ಪತ್ರ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಚಳಿ ಹೇಗಿರಬಹುದು ಅಂತ ಹವಾಮಾನ ಇಲಾಖೆ ಪ್ರತಿ ವರ್ಷ ಮುನ್ನೋಟ ಕೊಡುತ್ತದೆ. ನೀವೂ ಹಾಕುತ್ತೀರಿ. ಆಮೇಲೆ ದಿನಾ ಊರಿನ ಹೆಸರು, ಗರಿಷ್ಠ ಇಷ್ಟು, ಕನಿಷ್ಠ ಇಷ್ಟು. ಚಳಿ ಸ್ವಲ್ಪ ಜೋರಾದರೆ 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿಗೆ ಇಳಿದಿತ್ತು ಅನ್ನುವ ಸಾಲು ತಪ್ಪದೆ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಾಳೆ ಬೆಳಗ್ಗೆ ನಮ್ಮ ಕಡೆ ಗಾಳಿ ಎಷ್ಟು ಬೀಸುತ್ತದೆ, ಯಾವ ದಿಕ್ಕಿನಿಂದ ಬೀಸುತ್ತದೆ ಅನ್ನುವುದು ಎಲ್ಲೂ ಇರುವುದಿಲ್ಲ. ನಮಗೆ ಬೇಕಾದದ್ದೇ ಅದು.

ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಜಾಗದಲ್ಲಿದೆ. ಹಿಮಾಲಯದ ಕಡೆ ಹಿಮ ಬಿದ್ದ ಮೇಲೆ ಉತ್ತರದಿಂದ ಹೊರಡುವ ಒಣ ಗಾಳಿ ಮಹಾರಾಷ್ಟ್ರ ದಾಟಿ ಈ ಕಡೆ ಬಂದರೆ ನಮ್ಮ ರಾಜ್ಯದಲ್ಲಿ ಮೊದಲು ಸಿಗುವುದು ನಾವೇ. ಹಳೇ ಊರಿನ ಓಣಿಗಳಲ್ಲಿ ಕೋಟೆ ಕಾಲದ ದಪ್ಪ ಗೋಡೆಗಳು ಒಂಚೂರು ಕಾಯುತ್ತವೆ. ಚೌಬಾರಾ ಹತ್ತಿರ ಬಂದರೆ ಮುಗಿಯಿತು, ನಾಲ್ಕೂ ರಸ್ತೆಗಳಿಗೆ ಗಾಳಿ ನುಗ್ಗುತ್ತದೆ. ನೌಬಾದ್ ಕಡೆಯ ಬಯಲಿನಲ್ಲಂತೂ ಹ್ಯಾಂಡಲ್ ಹಿಡಿದ ಬೆರಳು ನಮ್ಮದು ಹೌದೋ ಅಲ್ಲವೋ ಅನ್ನಿಸುತ್ತದೆ. ಗ್ಲೌಸ್ ಹಾಕಿಕೊಳ್ಳಿ ಅನ್ನುತ್ತಾರೆ. ಗ್ಲೌಸ್ ಹಾಕಿಕೊಂಡು ಪೇಪರ್ ಎಣಿಸಿ ತೋರಿಸಲಿ, ನೋಡೋಣ.

ನೀವು ಹಾಕುವ 'ಕನಿಷ್ಠ' ಸುಳ್ಳಲ್ಲ. ಆದರೆ ಥರ್ಮಾಮೀಟರ್ ಹೇಳುವುದು ಗಾಳಿಯಲ್ಲಿ ಎಷ್ಟು ಕಾವಿದೆ ಅನ್ನುವುದನ್ನು ಮಾತ್ರ. ಗಾಳಿ ನಿಂತಿದ್ದರೂ, ಬೀಸುತ್ತಿದ್ದರೂ ಅದಕ್ಕೆ ಒಂದೇ. ಮನುಷ್ಯನ ಮೈ ಹಾಗಲ್ಲ. ನಮ್ಮ ಚರ್ಮದ ಮೇಲೆ ಬೆಚ್ಚಗಿನ ತೆಳು ಗಾಳಿಯ ಪದರ ಇರುತ್ತದೆ. ಬೀಸುಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ. ಹವಾಮಾನದವರು ಇದಕ್ಕೆ ಲೆಕ್ಕ ಇಟ್ಟಿದ್ದಾರೆ. 10 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಅದು ಸುಮಾರು ಆರೂವರೆ ಡಿಗ್ರಿ ಇದ್ದ ಹಾಗೆ ತಾಗುತ್ತದೆ. ಗಾಳಿ ಇಲ್ಲದ ದಿನವೂ ಬೈಕ್ ಅದೇ ವೇಗದಲ್ಲಿ ಓಡಿದರೆ ಅದೇ ಕಥೆ. ಪೇಪರ್ ಹಾಕುವವರು, ಹಾಲು ಕೊಡುವವರು, ಬೆಳಗಿನ ಜಾವ ತರಕಾರಿ ತರಲು ಮಾರ್ಕೆಟ್ಟಿಗೆ ಹೋಗುವವರು ಎಲ್ಲರೂ ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು.

ಇನ್ನೊಂದು ವಿಷಯ ಇದೆ. ಗಾಳಿ ಬೀಸುವ ರಾತ್ರಿ ಥರ್ಮಾಮೀಟರ್ ಅಷ್ಟೊಂದು ಇಳಿಯುವುದಿಲ್ಲ. ಮೇಲಿನ ಗಾಳಿ, ಕೆಳಗಿನ ಗಾಳಿ ಕಲಸಿ ಹೋಗುತ್ತವೆ. ಮೋಡವಿಲ್ಲದೆ ಗಾಳಿ ನಿಂತ ರಾತ್ರಿ ಮಾತ್ರ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ ಥಂಡಿ ತಗ್ಗಿನಲ್ಲಿ ಕೂತುಬಿಡುತ್ತದೆ. ಅಂಥ ದಿನ ನಿಮ್ಮ ಅಂಕಿ ತೀರಾ ಕಡಿಮೆ ಇರುತ್ತದೆ, ಆದರೆ ಮಫ್ಲರ್ ಸುತ್ತಿಕೊಂಡರೆ ಸಾಕು, ಹೊರಗೆ ಓಡಾಡಬಹುದು. ಗಾಳಿಯ ದಿನ ಅಂಕಿ ಒಂದೆರಡು ಡಿಗ್ರಿ ಜಾಸ್ತಿ, ಆದರೆ ಎರಡು ಸ್ವೆಟರ್ ಹಾಕಿದರೂ ಸಾಲದು. ಬರೀ ಅಂಕಿ ನೋಡಿದವರು 'ಇವತ್ತು ಚಳಿ ಕಡಿಮೆ' ಅಂತ ಮಕ್ಕಳನ್ನು ಶನಿವಾರದ ಬೆಳಗಿನ ಶಾಲೆಗೆ ಕುಲಾವಿ ಇಲ್ಲದೆ ಕಳಿಸುತ್ತಾರೆ.

ಇಲಾಖೆಯ ಎಚ್ಚರಿಕೆಯ ನಿಯಮವೂ ಹೀಗೇ ಇದೆ. ಬಯಲುಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ ಕನಿಷ್ಠ ನಾಲ್ಕೂವರೆ ಡಿಗ್ರಿ ಕಡಿಮೆ ಇದ್ದರೆ ಶೀತಗಾಳಿ ಅಂತ ಲೆಕ್ಕ. ಅಂಕಿ 4ಕ್ಕೆ ಇಳಿದರೆ ವಾಡಿಕೆ ಎಷ್ಟೇ ಇರಲಿ, ಶೀತಗಾಳಿಯೇ. ಗಾಳಿಯ ವೇಗ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಹನ್ನೆರಡು ಡಿಗ್ರಿ ಇದ್ದು ರಾತ್ರಿಯಿಡೀ ಗಾಳಿ ಹೊಡೆದರೆ ಯಾವ ಎಚ್ಚರಿಕೆಯೂ ಇಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಂದೇ ಚಾದರದಲ್ಲಿ ಇಬ್ಬರು ಮಲಗಿರುತ್ತಾರೆ. ಊರಾಚೆ ಕಬ್ಬು ಕಡಿಯುವವರು ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿ ಎಳೆ ಮಕ್ಕಳನ್ನು ಕಟ್ಟಿಕೊಂಡು ಇರುತ್ತಾರೆ. ಚಳಿಯನ್ನು ಅವರು ಬೆಂಕಿ ಹಾಕಿಕೊಂಡು ತಡೆಯುತ್ತಾರೆ. ಗಾಳಿ ಬಂದರೆ ಹೊರಗೆ ಬೆಂಕಿ ನಿಲ್ಲುವುದಿಲ್ಲ, ಕಿಡಿ ಹಾರುವ ಭಯ ಬೇರೆ.

ಆಗ ಏನಾಗುತ್ತದೆ ಗೊತ್ತಲ್ವಾ? ಇದ್ದಿಲ ಶೆಗಡಿ ಒಳಗೆ ಬರುತ್ತದೆ. ಬಾಗಿಲು, ಕಿಟಕಿ ಮುಚ್ಚುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದಿಲ್ಲ. ಅಂಥ ಸುದ್ದಿಯನ್ನು ಮಾರನೇ ದಿನ ಮನೆ ಮನೆಗೆ ಹಾಕುವವರು ನಾವೇ. ಗಾಳಿ ಜೋರಿರುವ ರಾತ್ರಿಯ ಹಿಂದಿನ ದಿನವೇ 'ಶೆಗಡಿ ಒಳಗಿಟ್ಟು ಮಲಗಬೇಡಿ' ಅಂತ ಎರಡು ಸಾಲು ಹಾಕಿದರೆ ಜಾಗ ಎಷ್ಟು ಹೋಗುತ್ತದೆ?

ರೈತರಿಗೂ ಇದು ಬೇಕು. ನಮ್ಮ ಗಿರಾಕಿಯೊಬ್ಬರು ಹಿಂಗಾರಿ ಜೋಳಕ್ಕೆ ನೀರು ಬಿಟ್ಟ ರಾತ್ರಿಯೇ ಗಾಳಿ ಬಂತು. ನೆಲ ಮೆತ್ತಗಾಗಿತ್ತು, ತೆನೆ ಭಾರವಿತ್ತು, ಬೆಳೆ ಅರ್ಧಕ್ಕರ್ಧ ಮಲಗಿತು. ಒಂದು ದಿನ ಮೊದಲು ತಿಳಿದಿದ್ದರೆ ಅವರು ಮೋಟರ್ ಹಾಕುತ್ತಲೇ ಇರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಮೊದಲು ಮೋಡ ಕವಿದು ಮೂಡಗಾಳಿ ಬೀಸುತ್ತದೆ, ರಾತ್ರಿ ಚಳಿ ಹಿಂದೆ ಸರಿಯುತ್ತದೆ. ಮೋಡ ಸರಿದು ಗಾಳಿ ಉತ್ತರಕ್ಕೆ ತಿರುಗಿತೋ, ಬಂತು ಥಂಡಿ. ಅಂದರೆ ದಿಕ್ಕು ಗೊತ್ತಾದರೆ ಚಳಿಯ ಸುಳಿವು ಒಂದೆರಡು ದಿನ ಮೊದಲೇ ಸಿಗುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ ರೊಟ್ಟಿ ತಿನ್ನುವಾಗ ನಮ್ಮ ಹಿರಿಯರು ಮೂಗು ಮೇಲೆತ್ತಿ ಇದನ್ನೇ ಹೇಳುತ್ತಾರೆ. ಅವರ ಮೂಗು ಎಷ್ಟು ಸಲ ಸರಿ ಅಂತ ಕೇಳಬೇಡಿ.

ಮಾಹಿತಿ ಇಲ್ಲ ಅನ್ನುವ ಹಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಹೋಬಳಿ ಮಟ್ಟದಲ್ಲಿ ಗಾಳಿಯ ವೇಗ, ದಿಕ್ಕು ಎರಡನ್ನೂ ಅಳೆಯುತ್ತವೆ. ರೈತರಿಗಾಗಿ ಹವಾಮಾನ ಆಧಾರಿತ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. 'ಮೇಘದೂತ್' ಆ್ಯಪ್‌ನಲ್ಲೂ ಸಿಗುತ್ತದೆ. ಆದರೆ ಶೆಗಡಿ ಒಳಗಿಡುವ ಮನೆಯಲ್ಲಿ ಆ್ಯಪ್ ನೋಡುವವರು ಯಾರು? ಚಹಾದಂಗಡಿಯಲ್ಲಿ ಒಂದು ಪೇಪರನ್ನು ಇಪ್ಪತ್ತು ಜನ ಓದುತ್ತಾರೆ, ಓದಲು ಬಾರದವರು ಕೇಳಿಸಿಕೊಳ್ಳುತ್ತಾರೆ. ಅಲ್ಲಿಗೆ ತಲುಪುವುದು ನೀವು ಹಾಕಿದರೆ ಮಾತ್ರ.

ನಾನು ಕೇಳುವುದು ದೊಡ್ಡದೇನಲ್ಲ. ಕನಿಷ್ಠ, ಗರಿಷ್ಠದ ಪಕ್ಕ ಇನ್ನೊಂದು ಕಾಲಂ ಮಾಡಿ. ನಾಳೆ ಬೆಳಗಿನ ಗಾಳಿಯ ವೇಗ, ದಿಕ್ಕು ಅಷ್ಟೇ ಸಾಕು. ಬೀದರ್, ಕಲಬುರಗಿ, ವಿಜಯಪುರದ ಆವೃತ್ತಿಗಳಲ್ಲಿ ಮೊದಲು ಶುರು ಮಾಡಿ. ಜಾಗ ಇಲ್ಲ ಅಂದರೆ ರಾಶಿ ಭವಿಷ್ಯದಲ್ಲಿ ಒಂದು ರಾಶಿ ಕಡಿಮೆ ಮಾಡಿ, ನನ್ನದೇ ತೆಗೆದರೂ ಅಭ್ಯಂತರವಿಲ್ಲ.

ನಮ್ಮ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಗಾಳಿಯ ದಿನ ಎರಡನೇ ಮಹಡಿಗೆ ಎಸೆದ ಪೇಪರ್ ಬಿಚ್ಚಿಕೊಂಡು ಪುರವಣಿ ಒಂದು ಕಡೆ, ಮುಖಪುಟ ಇನ್ನೊಂದು ಕಡೆ ಹಾರುತ್ತದೆ. ಗಿರಾಕಿ ಬೈಯುವುದು ನಮ್ಮನ್ನು. ಹಿಂದಿನ ದಿನವೇ ಗೊತ್ತಿದ್ದರೆ ರಬ್ಬರ್ ಬ್ಯಾಂಡ್ ತಂದಿಟ್ಟುಕೊಂಡು, ಹುಡುಗರನ್ನು ಅರ್ಧ ಗಂಟೆ ಮೊದಲು ಕರೆದು, ಎಲ್ಲವನ್ನೂ ಸುರುಳಿ ಸುತ್ತಿಕೊಂಡೇ ಹೊರಡಬಹುದು.

– ಒಬ್ಬ ಪತ್ರಿಕಾ ವಿತರಕ, ಬೀದರ್